ಎಂಟು ಬೋಲ್ಟ್ ರಂಧ್ರಗಳು: ಗುಜರಿ ರೆಕ್ಕೆಯೊಂದರ ಎಡ್ಡಿ ಕರೆಂಟ್ ಪರೀಕ್ಷೆ

ಕಲಬುರಗಿಯ ಎಂಜಿನಿಯರಿಂಗ್ ಕಾಲೇಜೊಂದರ ವರ್ಕ್‌ಶಾಪಿನ ಹಿಂದೆ ತಗಡಿನ ಶೆಡ್ಡೊಂದಿದ್ದು, ಅದರೊಳಗೆ ಶಹಾಬಾದ್ ಕಲ್ಲಿನ ನೆಲದ ಮೇಲೆ, ಕಬ್ಬಿಣದ ಸ್ಟ್ಯಾಂಡುಗಳಿಗೆ ಆನಿಸಿ ಸಣ್ಣ ತರಬೇತಿ ವಿಮಾನವೊಂದರ ಎಡ ರೆಕ್ಕೆಯನ್ನು ಇಡಲಾಗಿದೆ. ಹಾರಾಟ ನಿಲ್ಲಿಸಿದ ಆ ವಿಮಾನದ ಎರಡೂ ರೆಕ್ಕೆಗಳು ಬೇರೆ ರಾಜ್ಯದ ಗುಜರಿ ಹರಾಜಿನಲ್ಲಿ ಕಾಲೇಜಿಗೆ ದೊರೆತವು. ಜೊತೆಗೆ ಬರಬೇಕಾದ ಹಾರಾಟದ ದಾಖಲೆ ಪುಸ್ತಕ ಮಾತ್ರ ಬರಲಿಲ್ಲ. ಈ ಬರಹ ಆ ಎಡ ರೆಕ್ಕೆಯ ಬುಡದಲ್ಲಿರುವ ಎಂಟು ಬೋಲ್ಟ್ ರಂಧ್ರಗಳನ್ನು ಕುರಿತದ್ದು. ಅವುಗಳನ್ನು ನಾವು ಎಡ್ಡಿ ಕರೆಂಟ್ ವಿಧಾನದಲ್ಲಿ, ಅಂದರೆ ಲೋಹದೊಳಗೆ ಸುಳಿಯುವ ವಿದ್ಯುತ್ತನ್ನು ಹುಟ್ಟಿಸಿ ಬಿರುಕು ಹುಡುಕುವ ವಿಧಾನದಲ್ಲಿ, ಪರೀಕ್ಷಿಸಿ, ಪ್ರತಿಯೊಂದರ ಬಗೆಗೂ ತೀರ್ಪು ಬರೆದಿಟ್ಟು, ಆಮೇಲೆ ಲೋಹವನ್ನೇ ಕತ್ತರಿಸಿ ಆ ತೀರ್ಪುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ನೋಡಿದೆವು. ಹಾರುವ ವಿಮಾನದಲ್ಲಿ ಈ ಕೊನೆಯ ಕೆಲಸಕ್ಕೆ ಅವಕಾಶವಿರುವುದಿಲ್ಲ. ಗುಜರಿ ರೆಕ್ಕೆಯ ಬೆಲೆ ಇರುವುದೇ ಅಲ್ಲಿ.

ಪರೀಕ್ಷೆಯಲ್ಲಿ ಐವರಿದ್ದೆವು: ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕನಾದ ನಾನು, ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್, ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳು, ಮತ್ತು ಬೀದರ್‌ನಿಂದ ರೈಲಿನಲ್ಲಿ ಬಂದುಹೋಗುತ್ತಿದ್ದ ವಾಯುಪಡೆಯ ನಿವೃತ್ತ ವಾರಂಟ್ ಆಫೀಸರ್ ಒಬ್ಬರು. ಅವರ ನೌಕರಿಯ ಬಹುಭಾಗ ಬೇರೆ ಬೇರೆ ವಾಯುನೆಲೆಗಳ ಎನ್‌ಡಿಟಿ ವಿಭಾಗದಲ್ಲೇ, ಅಂದರೆ ವಸ್ತುವನ್ನು ಕೆಡಿಸದೆ ಅದರೊಳಗಿನ ದೋಷವನ್ನು ಹುಡುಕುವ ವಿಭಾಗದಲ್ಲೇ, ಕಳೆದಿತ್ತು. ಉಪಕರಣವೂ, ಲೋಹಕ್ಕೆ ತಾಗಿಸಿ ಹಿಡಿಯುವ ಅದರ ಸುರುಳಿಯ ಕಡ್ಡಿಗಳಾದ ಪ್ರೋಬುಗಳೂ ಅವರ ಶಿಫಾರಸಿನಂತೆ ಕೊಂಡವು.

ಈ ರಂಧ್ರಗಳನ್ನೇ ಏಕೆ ಆರಿಸಿಕೊಂಡೆವು

2018ರ ಏಪ್ರಿಲ್ 4ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಡೇಟೋನಾ ಬೀಚ್‌ನಲ್ಲಿ ಪೈಪರ್ ಪಿಎ-28ಆರ್-201 ಮಾದರಿಯ ತರಬೇತಿ ವಿಮಾನವೊಂದರ ಎಡ ರೆಕ್ಕೆ ಹಾರಾಟದಲ್ಲೇ ಕಳಚಿ ಬಿದ್ದು, ಒಳಗಿದ್ದ ಇಬ್ಬರೂ ಸತ್ತರು. ವಿಮಾನ ಹಳೆಯದೇನೂ ಆಗಿರಲಿಲ್ಲ, ಅದು 2007ರಲ್ಲಿ ತಯಾರಾದದ್ದು. ಆದರೆ ತರಬೇತಿ ಶಾಲೆಯ ವಿಮಾನವಾದ್ದರಿಂದ ಅಷ್ಟರಲ್ಲೇ 7,600 ಗಂಟೆಗೂ ಹೆಚ್ಚು ಹಾರಿತ್ತು. ರೆಕ್ಕೆಯನ್ನು ಒಡಲಿಗೆ ಹಿಡಿದಿಡುವ ಮುಖ್ಯ ಸ್ಪಾರ್‌ನ, ಅಂದರೆ ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆಯ, ಕೆಳಪಟ್ಟಿಯಲ್ಲಿ ಬೋಲ್ಟ್ ರಂಧ್ರವೊಂದರಿಂದ ದಣಿವಿನ ಬಿರುಕು, ಅಂದರೆ ಭಾರ ಮತ್ತೆ ಮತ್ತೆ ಬಿದ್ದು ಲೋಹ ದಣಿದು ಹುಟ್ಟುವ ಬಿರುಕು, ಹೊರಟಿತ್ತು. ಕಳಚದೆ ಉಳಿದ ಬಲ ರೆಕ್ಕೆಯ ಅದೇ ಜಾಗದಲ್ಲೂ ಬಿರುಕು ಕಂಡುಬಂತು. ಅದು ಜೋಡಣೆಯ ಒಳಗೆ, ಬೋಲ್ಟ್ ಮುಚ್ಚಿಕೊಂಡ ಜಾಗದಲ್ಲಿ ಇದ್ದುದರಿಂದ, ಎಷ್ಟು ಸಲ ರೆಕ್ಕೆಯ ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡಿದ್ದರೂ ಕಾಣುವಂತಿರಲಿಲ್ಲ.

ಆ ದುರಂತದ ನಂತರ ಅಮೆರಿಕದ ವಿಮಾನಯಾನ ಆಡಳಿತವು ಆ ಬಗೆಯ ವಿಮಾನಗಳ ಕೆಳಪಟ್ಟಿಯಲ್ಲಿ ಒಡಲಿನಿಂದ ಅತಿ ದೂರಕ್ಕಿರುವ ಬೋಲ್ಟ್ ರಂಧ್ರಗಳನ್ನು ಎಡ್ಡಿ ಕರೆಂಟ್‌ನಿಂದ ಪರೀಕ್ಷಿಸಬೇಕೆಂದು ಆದೇಶಿಸಿತು. ಆದೇಶ 2021ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಅದರೊಳಗಿನ ಒಂದು ಲೆಕ್ಕ ನನಗೆ ಬಹಳ ಹಿಡಿಸಿತು. ಬಾಡಿಗೆಗೂ ತರಬೇತಿಗೂ ಬಳಸುವ ವಿಮಾನಗಳಿಗೆ ಅಲ್ಲಿ ಪ್ರತಿ 100 ಗಂಟೆಗೊಮ್ಮೆ ತಪಾಸಣೆ ಕಡ್ಡಾಯ. ವಿಮಾನ ಅಂಥ ಎಷ್ಟು ತಪಾಸಣೆಗಳನ್ನು ಕಂಡಿದೆಯೋ ಅದನ್ನು 100ರಿಂದ ಗುಣಿಸಿ, ಒಟ್ಟು ಹಾರಾಟದಲ್ಲಿ ಮಿಕ್ಕ ಗಂಟೆಗಳನ್ನು 17ರಿಂದ ಭಾಗಿಸಿ, ಎರಡನ್ನೂ ಕೂಡಿಸಬೇಕು. ಬಂದ ಮೊತ್ತ 5,000 ಮುಟ್ಟಿದರೆ ಪರೀಕ್ಷೆಯ ಹೊತ್ತು ಬಂದಂತೆ. ಹೀಗಾಗಿ 10,000 ಗಂಟೆಯನ್ನು ಪೂರ್ತಿಯಾಗಿ ತರಬೇತಿಯಲ್ಲೇ ಕಳೆದ ವಿಮಾನಕ್ಕೆ 10,000 ಎಂದೇ ಲೆಕ್ಕವಾದರೆ, ಅಷ್ಟೇ ಗಂಟೆ ಒಬ್ಬ ಮಾಲೀಕನ ಕೈಯಲ್ಲಿ ಹಾರಿದ ವಿಮಾನಕ್ಕೆ 600ಕ್ಕೂ ಕಡಿಮೆ ಬರುತ್ತದೆ. ಕಲಿಯುವವರು ನೆಲಕ್ಕೆ ತಟ್ಟಿಸಿ ಇಳಿಸುವುದು, ಇಳಿದ ಕೂಡಲೇ ಮತ್ತೆ ಏರಿಸುವುದು, ನೆಲದ ಸಮೀಪದ ಅಲುಗಾಟದ ಗಾಳಿಯಲ್ಲೇ ತಿರುವಿನ ಮೇಲೆ ತಿರುವು ಹಾಕುವುದು, ಇವೆಲ್ಲ ರೆಕ್ಕೆಯ ಬುಡವನ್ನು ಎಷ್ಟು ಬೇಗ ದಣಿಸುತ್ತವೆ ಎಂಬುದನ್ನು ವಿವರಿಸಲು ನನಗೆ ಇದಕ್ಕಿಂತ ಚೆಂದದ ಉದಾಹರಣೆ ಸಿಕ್ಕಿಲ್ಲ.

ಕೆಳಪಟ್ಟಿಯೇ ಏಕೆಂದರೆ, ಹಾರುವಾಗ ಗಾಳಿಯು ರೆಕ್ಕೆಯನ್ನು ಮೇಲಕ್ಕೆ ಬಾಗಿಸುತ್ತದೆ. ಮೇಲಿನ ಪಟ್ಟಿ ಒತ್ತಡಕ್ಕೆ ಸಿಕ್ಕರೆ ಕೆಳಪಟ್ಟಿ ಎಳೆತಕ್ಕೆ ಸಿಗುತ್ತದೆ. ಬಿರುಕು ಬಾಯಿ ತೆರೆಯುವುದು ಎಳೆತದಲ್ಲಿ. ಹೊರಗಿನ ಬೋಲ್ಟುಗಳೇ ಏಕೆಂದರೆ, ರೆಕ್ಕೆಯಿಂದ ಬರುವ ಭಾರವನ್ನು ಮೊದಲು ಎದುರುಗೊಳ್ಳುವವು ಅವೇ. ನಮ್ಮ ಗುಜರಿ ರೆಕ್ಕೆ ಪೈಪರ್‌ನದಲ್ಲವಾದರೂ ರಚನೆ ಅದೇ ತರ್ಕದ್ದು. ಕೆಳಪಟ್ಟಿಯ ಎಂಟು ರಂಧ್ರಗಳಿಗೆ ಹೊರಗಿನಿಂದ ಒಳಕ್ಕೆ 1ರಿಂದ 8ರವರೆಗೆ ಸಂಖ್ಯೆ ಕೊಟ್ಟೆವು. ಹಾಗಾಗಿ 1 ಮತ್ತು 2 ನಮ್ಮ ಅನುಮಾನದ ರಂಧ್ರಗಳಾದವು.

ಸುಳಿಯುವ ವಿದ್ಯುತ್ತು ಏನನ್ನು ಹೇಳುತ್ತದೆ

ತಾಮ್ರದ ತಂತಿಯ ಸಣ್ಣ ಸುರುಳಿಯೊಂದರಲ್ಲಿ ಪರ್ಯಾಯ ವಿದ್ಯುತ್ತನ್ನು ಹರಿಸಿ ಅದನ್ನು ಲೋಹದ ಹತ್ತಿರಕ್ಕೆ ತಂದರೆ, ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮದಂತೆ ಲೋಹದ ಮೈಯೊಳಗೆ ನೀರಿನ ಸುಳಿಗಳಂತಹ ವಿದ್ಯುತ್ ಪ್ರವಾಹಗಳು ಹುಟ್ಟುತ್ತವೆ. ಅವು ತಮ್ಮದೇ ಕಾಂತಕ್ಷೇತ್ರವನ್ನು ಹುಟ್ಟಿಸಿ ಸುರುಳಿಯ ಕ್ಷೇತ್ರವನ್ನು ಎದುರಿಸುತ್ತವೆ. ಸುಳಿಯ ದಾರಿಗೆ ಬಿರುಕೊಂದು ಅಡ್ಡ ಬಂದರೆ ವಿದ್ಯುತ್ತು ಅದನ್ನು ಬಳಸಿಕೊಂಡು ಹೋಗಬೇಕಾಗುತ್ತದೆ, ಎದುರಿಸುವ ಕ್ಷೇತ್ರ ಕುಂದುತ್ತದೆ, ಮತ್ತು ಆ ಬದಲಾವಣೆಯು ಸುರುಳಿಯ ಪ್ರತಿಬಾಧೆಯಲ್ಲಿ, ಅಂದರೆ ಪರ್ಯಾಯ ವಿದ್ಯುತ್ತಿಗೆ ಅದು ಒಡ್ಡುವ ಅಡ್ಡಿಯಲ್ಲಿ, ಕಾಣಿಸಿಕೊಂಡು ಪರದೆಯ ಮೇಲಿನ ಚುಕ್ಕೆಯನ್ನು ಅಲುಗಾಡಿಸುತ್ತದೆ. ಇದನ್ನು ಕಾರ್ಖಾನೆಯ ನಂಬಿಕಸ್ಥ ಪರೀಕ್ಷೆಯಾಗಿ ಬೆಳೆಸಿದವರಲ್ಲಿ ಜರ್ಮನಿಯ ಫ್ರೀಡ್ರಿಶ್ ಫೋರ್ಸ್ಟರ್ ಮುಖ್ಯರು.

ಸುಳಿಗಳು ಲೋಹದಲ್ಲಿ ಎಷ್ಟು ಆಳಕ್ಕೆ ಇಳಿಯುತ್ತವೆ ಎಂಬುದು ಆವರ್ತನವನ್ನು ಅವಲಂಬಿಸಿದೆ. ನಮ್ಮ ಸ್ಪಾರ್‌ನಂತಹ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ 500 ಕಿಲೋಹರ್ಟ್ಜ್‌ಗೆ ಈ ಆಳ ಸುಮಾರು 0.17 ಮಿ.ಮೀ. ಮಾತ್ರ, 1 ಕಿಲೋಹರ್ಟ್ಜ್‌ಗೆ ಇಳಿಸಿದರೆ ಸುಮಾರು 3.8 ಮಿ.ಮೀ. ಆಗುತ್ತದೆ. ರಂಧ್ರದ ಒಳಗೋಡೆಯಲ್ಲಿ ಹುಟ್ಟುವ ಕೂದಲೆಳೆಯಂತಹ ಬಿರುಕಿಗೆ ಮೇಲ್ಮೈಯೇ ಮುಖ್ಯವಾದ್ದರಿಂದ ನಾವು 500 ಕಿಲೋಹರ್ಟ್ಜ್ ಆರಿಸಿಕೊಂಡೆವು. ಮೇಲಿನ ತಗಡಿನ ಕೆಳಗೆ ಅಡಗಿದ ಎರಡನೆಯ ಪದರದ ಬಿರುಕನ್ನು ಹುಡುಕುವವರು ಕಡಿಮೆ ಆವರ್ತನಕ್ಕೆ ಹೋಗುತ್ತಾರೆ, ಅದಕ್ಕೆ ತಕ್ಕಂತೆ ಸಣ್ಣ ದೋಷವನ್ನು ಕಾಣುವ ಸೂಕ್ಷ್ಮತೆಯನ್ನು ಬಿಟ್ಟುಕೊಡುತ್ತಾರೆ.

ತೊಂದರೆ ಇರುವುದು ಇಲ್ಲಿ: ಬಿರುಕಲ್ಲದ ಹಲವು ಸಂಗತಿಗಳೂ ಸುಳಿಯನ್ನು ಕಲಕುತ್ತವೆ. ಪ್ರೋಬ್ ಲೋಹದಿಂದ ಕೂದಲಿನಷ್ಟು ಮೇಲೆದ್ದರೂ ಚುಕ್ಕೆ ಓಡುತ್ತದೆ. ಇದಕ್ಕೆ ಲಿಫ್ಟ್‌ಆಫ್ ಎನ್ನುತ್ತಾರೆ. ಲೋಹದ ವಾಹಕತೆ ಬದಲಾದರೂ, ಅಂಚು ಹತ್ತಿರವಾದರೂ, ಕಬ್ಬಿಣದ ಕಣವೊಂದು ಅಂಟಿಕೊಂಡಿದ್ದರೂ ಚುಕ್ಕೆ ಸುಮ್ಮನಿರುವುದಿಲ್ಲ. ಇದನ್ನು ವಿದ್ಯಾರ್ಥಿಗಳಿಗೆ ಬಾಯಲ್ಲಿ ಹೇಳಿದಾಗ ತಲೆದೂಗಿದರೇ ಹೊರತು ನಂಬಿದಂತೆ ಕಾಣಲಿಲ್ಲ. ಮರುವಾರ ವಾರಂಟ್ ಆಫೀಸರ್ ಸಾಹೇಬರು ಮನೆಯಿಂದ ಒಂದು ಪುಟ್ಟ ಬಿದರಿ ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಬಿದರಿಯ ಮೈ ಸತುವಿನಲ್ಲಿ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದದ್ದು. ಅದರಲ್ಲಿ ಕೊರೆದ ಗೆರೆಗಳಿಗೆ ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸಿ, ಆಮೇಲೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಪಾಕದಿಂದ ಮೈಯನ್ನು ಕಪ್ಪಾಗಿಸುತ್ತಾರೆ. ಬೆಳ್ಳಿಯ ವಾಹಕತೆ ಸತುವಿನ ಮೂರೂವರೆ ಪಟ್ಟಿಗೂ ಹೆಚ್ಚು. ಪೆನ್ಸಿಲ್ ಪ್ರೋಬನ್ನು ಕಪ್ಪು ಮೈಯ ಮೇಲಿಟ್ಟು ಚುಕ್ಕೆಯನ್ನು ಸೊನ್ನೆಗೆ ತಂದು, ಹೂವಿನ ಎಸಳೊಂದನ್ನು ದಾಟಿಸಿದಾಗ ಚುಕ್ಕೆ ಜಿಗಿದು ಮರಳಿತು. ಎಸಳಿನ ಇನ್ನೊಂದು ಗೆರೆಗೆ ಮತ್ತೆ ಜಿಗಿಯಿತು. ಬಟ್ಟಲಿನಲ್ಲಿ ಬಿರುಕೆಂಬುದಿಲ್ಲ.

“ಈಗ ಹೇಳ್ರಿ, ಇದು ಕ್ರ್ಯಾಕ್ ಅದ ಏನು?” ಎಂದು ಅವರು ಕೇಳಿದರು. ವಿದ್ಯಾರ್ಥಿಗಳಲ್ಲೊಬ್ಬಳು ಪರದೆಯನ್ನೇ ನೋಡುತ್ತ, “ಇಲ್ರಿ ಸರ್, ಇದು ಕೆಳಗ ಹೊಂಟದ. ಕಚ್ಚಿನ ಮ್ಯಾಲ ಇಟ್ಟಾಗ ಮ್ಯಾಲಕ್ಕ ಹೋಗಿತ್ತು” ಎಂದಳು. ಕಚ್ಚೆಂದರೆ ಉಪಕರಣವನ್ನು ಹೊಂದಿಸಲು ಮಾದರಿ ತುಂಡಿನಲ್ಲಿ ಬೇಕೆಂದೇ ಮಾಡಿಸಿದ ಕೃತಕ ಬಿರುಕು. ಸಾಹೇಬರಿಗೆ ಬೇಕಾಗಿದ್ದ ಉತ್ತರ ಅದೇ. ವಾಹಕತೆ ಹೆಚ್ಚಾದರೆ ಚುಕ್ಕೆ ಒಂದು ಕಡೆಗೆ, ಬಿರುಕಿನಿಂದ ಸುಳಿ ಅಡ್ಡಿಗೊಂಡರೆ ಅದರ ಎದುರಿನ ಕಡೆಗೆ ಹೋಗುತ್ತದೆ. ಎಷ್ಟು ಎತ್ತರ ಜಿಗಿಯಿತು ಎಂಬುದನ್ನಷ್ಟೇ ನೋಡದೆ ಯಾವ ದಿಕ್ಕಿಗೆ ಜಿಗಿಯಿತು ಎಂಬುದನ್ನೂ ಓದಬೇಕೆಂಬುದನ್ನು ಆ ಬಟ್ಟಲು ನನ್ನ ಹತ್ತು ಉಪನ್ಯಾಸಗಳಿಗಿಂತ ಚೆನ್ನಾಗಿ ಕಲಿಸಿತು ಎಂದು ಒಪ್ಪಿಕೊಳ್ಳುತ್ತೇನೆ.

ಸಿದ್ಧತೆ, ಮತ್ತು ನಮ್ಮಿಂದಾದ ಎರಡು ತಪ್ಪುಗಳು

ಬೋಲ್ಟುಗಳನ್ನು ತೆಗೆಯುವುದರಲ್ಲೇ ಮೊದಲ ತಪ್ಪು ಆಯಿತು. ವರ್ಷಗಳಿಂದ ಕೂತ ಉಕ್ಕಿನ ಬೋಲ್ಟುಗಳು ಅಲ್ಯೂಮಿನಿಯಂ ಗೋಡೆಗೆ ಕಚ್ಚಿಕೊಂಡಿದ್ದವು. ಆರು ಬೋಲ್ಟುಗಳು ಎಣ್ಣೆ ಬಿಟ್ಟು ಒಂದು ರಾತ್ರಿ ಕಾದ ಮೇಲೆ ಸಲೀಸಾಗಿ ಬಂದವು. 5 ಮತ್ತು 7ರ ಬೋಲ್ಟುಗಳು ಅಲುಗಲಿಲ್ಲ. ನಾವು ಅವುಗಳ ನೆತ್ತಿಗೆ ಉಕ್ಕಿನ ಪಂಚ್ ಹಿಡಿದು ಸುತ್ತಿಗೆಯಿಂದ ಬಡಿದು ಹೊರಹಾಕಿದೆವು. ಹಿತ್ತಾಳೆ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಪಂಚ್ ಬಳಸಿ, ಬೋಲ್ಟ್ ಓರೆಯಾಗದಂತೆ ನೇರವಾಗಿ ಒತ್ತಿ ತೆಗೆಯಬೇಕಾಗಿತ್ತು. ಸಾಹೇಬರು ಆ ದಿನ ಬಂದಿರಲಿಲ್ಲ, ಅವಸರ ನಮ್ಮದೇ. ಇದರ ಫಲವನ್ನು ಮುಂದೆ ಹೇಳುತ್ತೇನೆ.

ಎರಡನೆಯದು ಬಿಸಿಲಿನ ತಪ್ಪು. ಏಪ್ರಿಲ್ ತಿಂಗಳ ಮಧ್ಯಾಹ್ನ, ತಗಡಿನ ಶೆಡ್ಡು. ರೆಕ್ಕೆಯನ್ನು ಬರಿಗೈಯಲ್ಲಿ ಬಹಳ ಹೊತ್ತು ಮುಟ್ಟಿಕೊಂಡಿರಲು ಆಗುತ್ತಿರಲಿಲ್ಲ. ಉಪಕರಣವನ್ನು ಹೊಂದಿಸುವ ಮಾದರಿ ತುಂಡು ಮಾತ್ರ ಎಸಿ ಇರುವ ಲ್ಯಾಬಿನಲ್ಲಿತ್ತು. ಈ ತುಂಡು ಸ್ಪಾರ್‌ನ ಲೋಹಕ್ಕೆ ಹೊಂದುವ, 2024 ಎಂಬ ಸಂಖ್ಯೆಯಿಂದ ಕರೆಯುವ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದರಲ್ಲಿ ಅದೇ ವ್ಯಾಸದ ರಂಧ್ರ ಮಾಡಿ, ರಂಧ್ರದ ಬಾಯಿಯ ಮೂಲೆಯಲ್ಲಿ ವಿದ್ಯುತ್ ಕಿಡಿಯ ಯಂತ್ರದಿಂದ 0.75 ಮಿ.ಮೀ. ಅಳತೆಯ ಕಚ್ಚೊಂದನ್ನು ಹೈದರಾಬಾದಿನ ಟೂಲ್‌ರೂಮಿನಲ್ಲಿ ಮಾಡಿಸಿದ್ದೆವು. ತಣ್ಣನೆಯ ತುಂಡಿನ ಮೇಲೆ ಹೊಂದಿಸಿಕೊಂಡು ಬಂದು ಕಾದ ರೆಕ್ಕೆಯೊಳಗೆ ಪ್ರೋಬ್ ಇಟ್ಟಾಗ ಚುಕ್ಕೆ ನಿಂತಲ್ಲಿ ನಿಲ್ಲದೆ ನಿಧಾನವಾಗಿ ಸರಿಯುತ್ತಲೇ ಇತ್ತು. ಲೋಹ ಕಾದಂತೆ ಅದರ ವಾಹಕತೆ ಕುಗ್ಗುತ್ತದೆ, ಪ್ರೋಬಿನ ಸುರುಳಿಯೂ ಕಾಯುತ್ತದೆ. ಇವೆರಡೂ ಸೇರಿ ಹೊಂದಾಣಿಕೆಯನ್ನು ಕೆಡಿಸುತ್ತವೆ. ಮೊದಲ ದಿನದ ಅಳತೆಗಳನ್ನೆಲ್ಲ ಹರಿದು ಹಾಕಿದೆವು. ಮಾದರಿ ತುಂಡನ್ನು ಹಿಂದಿನ ಸಂಜೆಯೇ ರೆಕ್ಕೆಯ ಮೇಲಿಟ್ಟು, ಬೆಳಗಿನ ಆರೂವರೆಗೆ ಕೆಲಸ ಶುರುಮಾಡಿ ಒಂಬತ್ತಕ್ಕೆ ಮುಗಿಸುವ ಪದ್ಧತಿ ಅಲ್ಲಿಂದ ಬಂತು. ಬಿಸಿಲು ನಾಡಿನಲ್ಲಿ ಈ ಪರೀಕ್ಷೆ ಮಾಡುವವರು ಇದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಲೋಹ ಯಾವುದೆಂದು ತಿಳಿಯಲು ವಾಹಕತೆಯನ್ನು ಅಳೆದಾಗ ಅದು ಶುದ್ಧ ತಾಮ್ರದ ಶೇ. 30ರ ಆಸುಪಾಸು ಬಂತು. 2024ರ ಗಟ್ಟಿಗೊಳಿಸಿದ ರೂಪಕ್ಕೆ ಅದು ಹೊಂದುತ್ತದೆ. ಆದರೆ 7075 ಮಿಶ್ರಲೋಹದ ಅಳತೆಯ ವ್ಯಾಪ್ತಿಯೂ ಅದರ ಪಕ್ಕಕ್ಕೇ ತಾಗುತ್ತದೆ. ಹಾಗಾಗಿ ಈ ಅಂಕಿಯೊಂದರಿಂದಲೇ ಲೋಹದ ಹೆಸರು ಹೇಳುವುದು ಸರಿಯಲ್ಲ. ಪರೀಕ್ಷೆಯ ಹೊಂದಾಣಿಕೆಗೆ ಬೇಕಾದದ್ದು ಮಾದರಿ ತುಂಡಿನ ವಾಹಕತೆಯೂ ರೆಕ್ಕೆಯದೂ ಹತ್ತಿರವಿರುವುದಷ್ಟೇ, ಅದು ಹತ್ತಿರವಿತ್ತು.

ಲಿಫ್ಟ್‌ಆಫ್‌ನ ಗೆರೆ ಅಡ್ಡಡ್ಡ ಬರುವಂತೆ, ಕಚ್ಚಿನ ಗೆರೆ ನೇರ ಮೇಲಕ್ಕೇಳುವಂತೆ ಪರದೆಯನ್ನು ತಿರುಗಿಸಿ, ಕಚ್ಚಿನ ಸಂಕೇತ ಪರದೆಯ ಶೇ. 80ರಷ್ಟು ಎತ್ತರ ಬರುವಂತೆ ಗೇನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಇಟ್ಟೆವು. ಶೇ. 40 ದಾಟಿದ್ದನ್ನು ದೋಷವೆಂದು ದಾಖಲಿಸುವುದು, ಅದಕ್ಕಿಂತ ಕಡಿಮೆಯಿದ್ದರೆ ರಂಧ್ರ ಸ್ವಚ್ಛವೆಂದು ಬರೆಯುವುದು ಎಂದು ಮಿತಿ ಹಾಕಿಕೊಂಡೆವು. ರಂಧ್ರದ ಪ್ರೋಬ್ ಒಂದು ತೆಳು ಸರಳು. ಅದರ ಪಕ್ಕೆಯಲ್ಲಿ ಸುರುಳಿ ಕೂತಿರುತ್ತದೆ. ಕಾಲರ್‌ನಿಂದ ಆಳವನ್ನು ನಿಗದಿಪಡಿಸಿ, ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ, ಸುಮಾರು 0.8 ಮಿ.ಮೀ. ಇಳಿಸಿ ಮತ್ತೊಂದು ಸುತ್ತು. ಪಟ್ಟಿಯ ದಪ್ಪ ಸುಮಾರು 9 ಮಿ.ಮೀ. ಇದ್ದುದರಿಂದ ಒಂದು ರಂಧ್ರಕ್ಕೆ ಹನ್ನೆರಡು ಸುತ್ತುಗಳಾದವು. ಬೇಸರದ ಕೆಲಸ, ಏಳನೆಯ ಸುತ್ತಿಗೆ ಕೈ ತಾನಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ ಎಂದು ಸಾಹೇಬರು ಎಚ್ಚರಿಸುತ್ತಿದ್ದರು.

ಪರದೆ ತೋರಿಸಿದ್ದು

3, 4, 6 ಮತ್ತು 8ನೆಯ ರಂಧ್ರಗಳಲ್ಲಿ ಹೇಳುವಂಥದ್ದೇನೂ ಇರಲಿಲ್ಲ. 7ರಲ್ಲಿ ಸುಮಾರು ಶೇ. 45ರ ಸಂಕೇತವೊಂದು ವಿಚಿತ್ರ ಕೋನದಲ್ಲಿ ಎದ್ದಿತು. ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ತುದಿಗೆ ಅಯಸ್ಕಾಂತವಿರುವ ಕಡ್ಡಿಯನ್ನು ಒಳಗೆ ಆಡಿಸಿದಾಗ ಉಕ್ಕಿನ ಸಣ್ಣ ಚೂರೊಂದು ಅಂಟಿ ಬಂತು, ಸಂಕೇತ ಹೋಯಿತು. ಅದು ನಮ್ಮ ಪಂಚಿನ ಚೂರು.

2ರಲ್ಲಿ ಗೋಡೆಯ ನಡುಭಾಗದಲ್ಲಿ, ಎರಡು ಸುತ್ತುಗಳಷ್ಟು ಆಳದಲ್ಲಿ ಮಾತ್ರ, ಶೇ. 65ರ ಸಂಕೇತ ನೇರವಾಗಿ ಎದ್ದು ನಿಂತಿತು. ಐವರೂ ಬಿರುಕೆಂದು ಬರೆದೆವು.

5ರಲ್ಲಿ ಬಂದದ್ದು ಎಲ್ಲಕ್ಕಿಂತ ದೊಡ್ಡದು, ಶೇ. 75. ವಿದ್ಯಾರ್ಥಿಗಳಿಬ್ಬರೂ ನಾನೂ ಬಿರುಕೆಂದು ಬರೆದೆವು. ಇನ್‌ಸ್ಟ್ರಕ್ಟರ್ ಬರೆಯದೆ ಕಾದರು. ಸಾಹೇಬರು ಪ್ರೋಬನ್ನು ನನ್ನ ಕೈಯಿಂದ ತೆಗೆದುಕೊಂಡು ಒಂದೊಂದು ಆಳಕ್ಕೂ ಮತ್ತೆ ತಿರುಗಿಸಿ, ಪ್ರತಿ ಸಲವೂ ಸಂಕೇತ ಬಂದ ಕೋನವನ್ನು ರಂಧ್ರದ ಬಾಯಿಯ ಸುತ್ತ ಸೀಸದ ಕಡ್ಡಿಯಿಂದ ಗುರುತಿಸತೊಡಗಿದರು. ಹನ್ನೆರಡು ಸುತ್ತಿಗೂ ಗುರುತು ಒಂದೇ ಜಾಗಕ್ಕೆ ಬಿತ್ತು. ಅಂದರೆ ಸಂಕೇತ ಕೊಡುತ್ತಿದ್ದ ವಸ್ತು ರಂಧ್ರದ ಒಂದು ಬಾಯಿಯಿಂದ ಇನ್ನೊಂದು ಬಾಯಿಯವರೆಗೆ ದಾರ ಹಿಡಿದಂತೆ ನೇರವಾಗಿತ್ತು. ಜೊತೆಗೆ ಚುಕ್ಕೆ ನೇರ ಮೇಲಕ್ಕೆ ಹೋಗದೆ ಲಿಫ್ಟ್‌ಆಫ್‌ನ ಕಡೆಗೆ ಓರೆಯಾಗಿ ವಾಲುತ್ತಿತ್ತು. ಆಳವಿಲ್ಲದ ದೋಷದ ಸಂಕೇತ ಹೀಗೆ ವಾಲುವುದುಂಟು. ಅವರು ಹಾಳೆಯಲ್ಲಿ ‘ಗೀರು, ಬೋಲ್ಟ್ ತೆಗೆಯುವಾಗ ಆದದ್ದು’ ಎಂದು ಬರೆದು, ಕೆಳಗೆ ‘ಹಾರುವ ವಿಮಾನವಾಗಿದ್ದರೆ ತಡೆಹಿಡಿಯುವುದು’ ಎಂದು ಸೇರಿಸಿದರು. ಗೀರೆಂದು ಗೊತ್ತಿದ್ದ ಮೇಲೆ ತಡೆಯುವುದು ಏಕೆಂದು ನಾನು ಕೇಳಿದೆ. “ಗೀರಿನ ಕೆಳಗ ಏನದ ಅಂತ ನನಗ ಕಾಣಂಗಿಲ್ರಿ. ಗೀರ್ ತೆಗೆದು ಮತ್ತ ನೋಡಬೇಕು” ಎಂದರು. ಅದೂ ಅಲ್ಲದೆ ಎಳೆತಕ್ಕೆ ಸಿಗುವ ಜಾಗದಲ್ಲಿ ಗೀರೆಂಬುದೇ ನಾಳಿನ ಬಿರುಕಿನ ಮೊಳಕೆ. ಡೇಟೋನಾ ನಂತರದ ಆದೇಶ ರೂಪುಗೊಳ್ಳುತ್ತಿದ್ದಾಗಲೂ ಈ ಚರ್ಚೆ ನಡೆದಿತ್ತು: ಬಿರುಕಿಲ್ಲದ ವಿಮಾನದ ಬೋಲ್ಟುಗಳನ್ನು ಪರೀಕ್ಷೆಗೆಂದು ಬಿಚ್ಚಿ, ಬಿಚ್ಚುವ ಕೆಲಸದಿಂದಲೇ ರಂಧ್ರಕ್ಕೆ ಪೆಟ್ಟು ಮಾಡುವ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಅಲ್ಲಿ ಗಂಟೆಗಳ ಆ ಮಿತಿಯನ್ನು ಇಟ್ಟದ್ದು.

1ನೆಯ ರಂಧ್ರವನ್ನು ಐವರೂ ಸ್ವಚ್ಛವೆಂದು ಬರೆದೆವು.

ಕತ್ತರಿಸಿದ ಮೇಲೆ

ಮೊದಲು 5. ರಂಧ್ರವನ್ನು ನುಣುಪಾಗಿ ಕೆರೆದು ಹಿಗ್ಗಿಸುವ ಉಪಕರಣವಾದ ರೀಮರ್‌ನಿಂದ ರಂಧ್ರದ ವ್ಯಾಸವನ್ನು ಅರ್ಧ ಮಿ.ಮೀ. ಹಿಗ್ಗಿಸಿದೆವು, ಅಂದರೆ ಗೋಡೆಯಿಂದ ಸುತ್ತಲೂ ಕಾಲು ಮಿ.ಮೀ. ಲೋಹ ತೆಗೆದೆವು. ಮರುಪರೀಕ್ಷೆಯಲ್ಲಿ ಚುಕ್ಕೆ ಅಲುಗಲಿಲ್ಲ. ರೀಮರ್ ಹಾಕುವ ಮುನ್ನ ಆ ಗೋಡೆಯ ಅಚ್ಚನ್ನು ಸಿಲಿಕೋನ್ ರಬ್ಬರಿನಲ್ಲಿ ತೆಗೆದುಕೊಂಡಿದ್ದೆವು. ಅದರ ಮೇಲೆ ಗೀರು ಸ್ಪಷ್ಟವಾಗಿ ಕಾಣುತ್ತಿತ್ತು, ಆಳ ಸುಮಾರು 0.2 ಮಿ.ಮೀ., ಎರಡೂ ದಡಗಳಲ್ಲಿ ಲೋಹ ಉಬ್ಬಿಕೊಂಡಿತ್ತು. ಪರದೆಯ ಮೇಲೆ ಎಲ್ಲಕ್ಕಿಂತ ಎತ್ತರಕ್ಕೆ ಎದ್ದದ್ದು ನಮ್ಮ ಸುತ್ತಿಗೆಯ ಪೆಟ್ಟು.

2ಕ್ಕೆ ರೀಮರ್ ಮುಟ್ಟಿಸಲಿಲ್ಲ. ಸಂಕೇತ ಬಂದ ಜಾಗದ ಹಿಂದಿನಿಂದ ಗರಗಸ ಹಾಕಿ, ಬಿರುಕನ್ನು ಮುಟ್ಟುವ ಮೊದಲೇ ಸ್ವಲ್ಪ ಲೋಹ ಉಳಿಯುವಂತೆ ನಿಲ್ಲಿಸಿ, ಉಳಿದದ್ದನ್ನು ವೈಸಿನಲ್ಲಿ ಹಿಡಿದು ಬಾಗಿಸಿ ಮುರಿದೆವು. ಮುರಿದ ಮುಖವನ್ನು ಸ್ಟೀರಿಯೊ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಎರಡು ಬಗೆಯ ಮೈ ಕಂಡಿತು. ನಾವು ಆಗಷ್ಟೇ ಮುರಿದ ಭಾಗ ಒರಟಾಗಿ, ಬೂದಿ ಬಣ್ಣದಲ್ಲಿತ್ತು. ರಂಧ್ರದ ಗೋಡೆಗೆ ತಾಗಿದಂತೆ ಅರ್ಧಚಂದ್ರಾಕಾರದ ನುಣುಪಾದ ಭಾಗವೊಂದಿತ್ತು. ಗೋಡೆಯ ಉದ್ದಕ್ಕೆ ಸುಮಾರು 1.1 ಮಿ.ಮೀ., ಒಳಕ್ಕೆ ಸುಮಾರು 0.6 ಮಿ.ಮೀ. ಅದರೊಳಗೆ ಕೆರೆಯ ನೀರು ಇಳಿದಂತೆ ದಡದಲ್ಲಿ ಉಳಿಯುವ ಗೆರೆಗಳಂತಹ ಬಾಗಿದ ಗೆರೆಗಳು, ಎಲ್ಲವೂ ಒಂದೇ ಬಿಂದುವನ್ನು ಸುತ್ತಿಕೊಂಡಂತೆ. ಆ ಬಿಂದುವಿನಲ್ಲಿ ಗುಂಡುಸೂಜಿಯ ಮೊನೆಯಷ್ಟು ಕಪ್ಪು ಕುಳಿ. ಬೋಲ್ಟಿಗೂ ರಂಧ್ರಕ್ಕೂ ನಡುವೆ ತೇವ ಸೇರಿ, ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿದ ಕಡೆ ಲೋಹ ತಿಂದುಹೋಗಿ ಆದ ಕುಳಿ ಅದು. ಅಲ್ಲಿಂದ ದಣಿವಿನ ಬಿರುಕು ಹೊರಟಿತ್ತು. ಹುಡುಗರಲ್ಲಿ ಒಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಇಲ್ಲಿಗೆ ಕೆಲಸ ಮುಗಿದಿತ್ತು. ಹೋಲಿಕೆಗೆ ಸ್ವಚ್ಛ ರಂಧ್ರವೊಂದರ ಮುರಿದ ಮುಖವೂ ಬೇಕೆಂದು ವಿದ್ಯಾರ್ಥಿನಿ ಹಟ ಹಿಡಿದಳು. ಗರಗಸಕ್ಕೆ ಹತ್ತಿರವಿದ್ದದ್ದು 1. ಅದನ್ನೇ ಅದೇ ರೀತಿ ಮುರಿದೆವು. ಸೂಕ್ಷ್ಮದರ್ಶಕದ ಕೆಳಗೆ, ರಂಧ್ರದ ಬಾಯಿಯ ಮೂಲೆಯಲ್ಲಿ, ಕಾಲು ವೃತ್ತದ ಆಕಾರದ ನುಣುಪಾದ ಚುಕ್ಕೆಯೊಂದು ಹೊಳೆಯಿತು. ಅಳತೆ ಸುಮಾರು 0.5 ಮಿ.ಮೀ. ಎರಡು ಬಾಗಿದ ಗೆರೆಗಳು ಅದರಲ್ಲೂ ಇದ್ದವು.

ಉಪಕರಣ ತನ್ನ ನೆನಪಿನಲ್ಲಿ ಉಳಿಸಿಕೊಂಡಿದ್ದ ದಾಖಲೆಯನ್ನು ತೆರೆದು ನೋಡಿದೆವು. ಮೊದಲ ಸುತ್ತಿನಲ್ಲಿ ಅದೇ ಮೂಲೆಯಲ್ಲಿ ಶೇ. 26ರ ಸಂಕೇತ ನೇರವಾಗಿ ಎದ್ದು ಬಿದ್ದಿತ್ತು. ಅಂಚಿನ ಪ್ರಭಾವದ ಗದ್ದಲದ ನಡುವೆ, ನಾವೇ ಹಾಕಿಕೊಂಡ ಶೇ. 40ರ ಗೆರೆಯ ಕೆಳಗೆ ಇದ್ದುದರಿಂದ ನಾವ್ಯಾರೂ ಅದನ್ನು ಹಾಳೆಗೆ ಇಳಿಸಿರಲಿಲ್ಲ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, “ಮಿತಿ ಒಳಗ ಇತ್ತು, ಹಂಗಾಗಿ ತಪ್ಪಂತ ಯಾರೂ ಹೇಳಂಗಿಲ್ಲ. ಆದ್ರ ನಾ ಅದನ್ನ ನೋಡಿದ್ದೆರಿ. ನೋಡಿ ಬರೀಲಿಲ್ಲ” ಎಂದರು.

ಕಾಣದೆ ಉಳಿದ ಬಿರುಕಿನ ಲೆಕ್ಕ

ಈ ಶೇ. 26ಕ್ಕೆ ಕಾರಣಗಳಿವೆ. ಕಿಡಿಯ ಯಂತ್ರದಿಂದ ಮಾಡಿದ ಕಚ್ಚಿಗೆ ಅಗಲವಿರುತ್ತದೆ, ಅದರ ಎರಡು ಗೋಡೆಗಳು ಒಂದನ್ನೊಂದು ಮುಟ್ಟುವುದಿಲ್ಲ. ದಣಿವಿನ ಬಿರುಕಾದರೋ ಭಾರವಿಲ್ಲದಾಗ ತುಟಿ ಬಿಗಿದುಕೊಂಡಿರುತ್ತದೆ, ಗೋಡೆಗಳು ಅಲ್ಲಲ್ಲಿ ತಾಗಿ ವಿದ್ಯುತ್ತು ದಾಟಿಕೊಂಡು ಹೋಗುತ್ತದೆ. ಹೀಗಾಗಿ ಅಷ್ಟೇ ಅಳತೆಯ ನಿಜವಾದ ಬಿರುಕು ಕಚ್ಚಿಗಿಂತ ಕುಗ್ಗಿದ ಸಂಕೇತವನ್ನೇ ಕೊಡುತ್ತದೆ. ಇದರ ಮೇಲೆ ಅಳತೆಯೂ ಚಿಕ್ಕದು, ಜಾಗವೂ ಅಂಚಿನದು. ಸ್ಟ್ಯಾಂಡಿನ ಮೇಲೆ ಭಾರವಿಲ್ಲದೆ ಮಲಗಿದ್ದ ರೆಕ್ಕೆಯಲ್ಲಿ ಆ ಬಿರುಕು ಬಾಯಿ ತೆರೆಯಲು ಕಾರಣವೂ ಇರಲಿಲ್ಲ.

ವಿಮಾನಗಳ ಮಟ್ಟಿಗೆ ‘ಎಷ್ಟು ಸಣ್ಣ ಬಿರುಕನ್ನು ಕಂಡುಹಿಡಿಯಬಲ್ಲಿರಿ’ ಎಂಬ ಪ್ರಶ್ನೆ ಅಷ್ಟು ಉಪಯೋಗದ್ದಲ್ಲ. ಕೇಳಬೇಕಾದದ್ದು ‘ಎಷ್ಟು ದೊಡ್ಡ ಬಿರುಕು ನಿಮ್ಮ ಕಣ್ಣು ತಪ್ಪಿಸಬಲ್ಲದು’ ಎಂಬುದನ್ನು. 1969ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್-111 ಯುದ್ಧವಿಮಾನವೊಂದರ ರೆಕ್ಕೆ, ಅದು 100 ಗಂಟೆಗಳಿಗಿಂತ ತುಸು ಹೆಚ್ಚು ಹಾರಿದ್ದಷ್ಟರಲ್ಲೇ, ಮುರಿದುಬಿದ್ದಿತು. ರೆಕ್ಕೆಯ ಉಕ್ಕಿನ ಕೀಲಿನಲ್ಲಿ ತಯಾರಿಕೆಯ ಹೊತ್ತಿನಿಂದಲೇ ಇದ್ದ ದೋಷವೊಂದು ಎಲ್ಲ ಪರೀಕ್ಷೆಗಳನ್ನೂ ದಾಟಿ ಬಂದಿತ್ತು. ಪರೀಕ್ಷೆಯ ಕಣ್ಣು ತಪ್ಪಿಸಿದ ಬಿರುಕು ಲೋಹದಲ್ಲಿ ಇದ್ದೇ ಇದೆ ಎಂದು ಮೊದಲೇ ಭಾವಿಸಿಕೊಂಡು, ಅದು ಅಪಾಯದ ಅಳತೆಗೆ ಬೆಳೆಯುವ ಮೊದಲೇ ಮುಂದಿನ ಪರೀಕ್ಷೆ ಬರುವಂತೆ ಅವಧಿ ಹಾಕುವ ಪದ್ಧತಿ ಬಲಗೊಂಡದ್ದು ಆ ದುರಂತದ ನಂತರ. ಒಂದು ಪರೀಕ್ಷಾ ಕ್ರಮವು ಯಾವ ಅಳತೆಯ ಬಿರುಕನ್ನು ಶೇ. 95ರ ಭರವಸೆಯೊಡನೆ ನೂರಕ್ಕೆ ತೊಂಬತ್ತು ಸಲ ಹಿಡಿಯುತ್ತದೆ ಎಂಬುದನ್ನೇ ಅದರ ಅಳತೆಗೋಲಾಗಿ ಹೇಳುವುದೂ ಇದೇ ಕಾರಣಕ್ಕೆ. ಎಂಟು ರಂಧ್ರಗಳಿಂದ ಅಂಥ ಅಂಕಿಯನ್ನು ಕೊಡಲು ಬರುವುದಿಲ್ಲ, ನಾವು ಕೊಡುವುದೂ ಇಲ್ಲ. ನಮ್ಮ ಕೈಯಲ್ಲಿರುವುದು ಇಷ್ಟು: ಈ ಉಪಕರಣ, ಈ ಕಚ್ಚು, ಈ ಮಿತಿ ಇದ್ದಾಗ, ಐವರ ಕಣ್ಣೆದುರೇ ಅರ್ಧ ಮಿ.ಮೀ. ಬಿರುಕೊಂದು ಸ್ವಚ್ಛವೆಂಬ ಸಹಿ ಪಡೆಯಿತು.

ಮಿತಿಯನ್ನು ಶೇ. 25ಕ್ಕೆ ಇಳಿಸಿದರೆ ಸಾಕಲ್ಲವೇ ಎಂದು ವಿದ್ಯಾರ್ಥಿಗಳು ಕೇಳಿದರು. ಅದನ್ನೂ ಮಾಡಿ ನೋಡಿದೆವು. 4ನೆಯ ರಂಧ್ರದಲ್ಲಿ ಮೂರು, 8ರಲ್ಲಿ ಎರಡು ಹೊಸ ಸಂಕೇತಗಳು ಕಾಣಿಸಿಕೊಂಡವು; ಪ್ರೋಬನ್ನು ಇನ್ನಷ್ಟು ನಿಧಾನವಾಗಿ ತಿರುಗಿಸಿದಾಗ ಅವುಗಳಲ್ಲಿ ಒಂದೂ ಎರಡನೆಯ ಸಲ ಬರಲಿಲ್ಲ. ಮಿತಿಯನ್ನು ಕೆಳಗಿಳಿಸಿದಷ್ಟೂ ಕೈಯ ನಡುಕವೇ ಬಿರುಕಿನ ವೇಷ ಹಾಕಿಕೊಂಡು ಬರುತ್ತದೆ. ಆದ್ದರಿಂದ ನನ್ನ ಮತದಲ್ಲಿ ಮಿತಿ ಅಲ್ಲೇ ಇರಲಿ; ಬದಲಾಗಬೇಕಾದದ್ದು ಮಿತಿಯ ಕೆಳಗೆ ಕಂಡದ್ದನ್ನು ಏನು ಮಾಡಬೇಕೆಂಬ ನಿಯಮ. 1ನೆಯ ರಂಧ್ರದ ಸಂಕೇತಕ್ಕೂ ಈ ಐದಕ್ಕೂ ಇದ್ದ ವ್ಯತ್ಯಾಸ ಎತ್ತರದಲ್ಲಿರಲಿಲ್ಲ. ಅದು ನೇರವಾಗಿ ಎದ್ದಿತ್ತು, ಮತ್ತು ಉಪಕರಣದ ದಾಖಲೆಯಲ್ಲಿ ಇನ್‌ಸ್ಟ್ರಕ್ಟರ್ ತಿರುಗಿಸಿದಾಗಲೂ ವಿದ್ಯಾರ್ಥಿ ತಿರುಗಿಸಿದಾಗಲೂ ಒಂದೇ ಕೋನದಲ್ಲಿ, ಒಂದೇ ಆಳದಲ್ಲಿ ಬಂದಿತ್ತು. ಕೈ ಬದಲಾದರೂ ಜಾಗ ಬದಲಾಗದ ಸಂಕೇತ ಎಷ್ಟೇ ಗಿಡ್ಡವಾಗಿದ್ದರೂ ಲೋಹದಲ್ಲಿ ಏನೋ ಇದೆ ಎಂದೇ ಹೇಳುತ್ತಿರುತ್ತದೆ.

ಈಗ ನಮ್ಮ ಪರೀಕ್ಷಾ ಹಾಳೆಯಲ್ಲಿ ಹೊಸದೊಂದು ಕಾಲಂ ಇದೆ. ಮಿತಿಯ ಕೆಳಗಿನದಾದರೂ ನೇರವಾಗಿ ಎದ್ದ ಪ್ರತಿ ಸಂಕೇತದ ಎತ್ತರ, ಆಳ ಮತ್ತು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಅದರ ಕೋನವನ್ನು ಅಲ್ಲಿ ಬರೆಯಬೇಕು. ಮೊದಲ ಹಾಳೆಯನ್ನು ನೋಡದ ಇನ್ನೊಬ್ಬರು ಅದೇ ರಂಧ್ರವನ್ನು ಮತ್ತೆ ಪರೀಕ್ಷಿಸಬೇಕು. ಎರಡು ಹಾಳೆಗಳಲ್ಲಿ ಜಾಗ ತಾಳೆಯಾದರೆ ಪೆನ್ಸಿಲ್ ಮೊನೆಯಷ್ಟು ಸಣ್ಣ ಸುರುಳಿಯ ಇನ್ನೊಂದು ಪ್ರೋಬಿನಿಂದ ಮೂಲೆಯನ್ನು ಮೂರನೆಯ ಸಲ ನೋಡಬೇಕು. 1ನೆಯ ರಂಧ್ರದ ಮುರಿದ ತುಂಡನ್ನು ಪಾರದರ್ಶಕ ರಾಳದಲ್ಲಿ ಅಚ್ಚು ಹಾಕಿ ಲ್ಯಾಬಿನ ಕಪಾಟಿನಲ್ಲಿ ಇಟ್ಟಿದ್ದೇವೆ, ಪಕ್ಕದಲ್ಲಿ ಐವರ ಸಹಿಯಿರುವ ಆ ಹಾಳೆಯೂ ಇದೆ.

ಬಲ ರೆಕ್ಕೆ ಇನ್ನೂ ಶೆಡ್ಡಿನ ಗೋಡೆಗೆ ಒರಗಿದೆ, ಬೋಲ್ಟುಗಳನ್ನು ಬಿಚ್ಚಿಲ್ಲ. ಅವುಗಳನ್ನು ಬಡಿಯದೆ ನೇರವಾಗಿ ಎಳೆಯುವ ಸ್ಕ್ರೂ ಪುಲ್ಲರ್ ಒಂದನ್ನು ಇನ್‌ಸ್ಟ್ರಕ್ಟರ್ ವರ್ಕ್‌ಶಾಪಿನಲ್ಲೇ ಲೇತ್ ಹಿಡಿದು ಮಾಡುತ್ತಿದ್ದಾರೆ; ಅದರ ಹಿತ್ತಾಳೆಯ ತೋಳು ಸಿದ್ಧವಾಗಿದೆ, ಸ್ಕ್ರೂವಿನ ಥ್ರೆಡ್ ಕೊರೆಯುವುದು ಬಾಕಿಯಿದೆ. ಬಿಸಿಲು ಇಳಿದ ಮೇಲೆ ಕೆಲಸ ಶುರುಮಾಡೋಣವೆಂದು ಸಾಹೇಬರು ಬೀದರ್‌ನಿಂದ ಫೋನ್ ಮಾಡಿ ಹೇಳಿದ್ದಾರೆ.